ಕರಿ ಅರಿವೆ ಕಟ್ಟಿದ ವೈನಿ

ನನ್ನ ವೈನಿಯ ಕೈಗಳು ಮಣಿಕಟ್ಟಿನವರೆಗೆ ಕಪ್ಪಾಗಿದ್ದವು. ಹುಟ್ಟಿನಿಂದ ಬಂದ ಕಪ್ಪಲ್ಲ, ಮೈಬಣ್ಣ ಗೋಧಿಯದು. ಚಂದ್ರಕಾಳಿ ಎಂಬ ಕರಿ ಸೀರೆಯ ನೂಲನ್ನು ಕುದಿಯುವ ಹಂಡೆಯಲ್ಲಿ ಅದ್ದಿ ಅದ್ದಿ ಆ ಬಣ್ಣ ಉಗುರಿನ ಬುಡಕ್ಕೆ, ಅಂಗೈ ಗೆರೆಗಳಿಗೆ ಇಳಿದುಬಿಟ್ಟಿತ್ತು. ಬೂದಿ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ, ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆಕೆ ರೊಟ್ಟಿ ಬಡಿಯುವಾಗ ಬಿಳಿ ಹಿಟ್ಟಿನ ಮೇಲೆ ಆ ಕೈ ಏಳುವುದನ್ನು, ಬೀಳುವುದನ್ನು ನಾನು ನೋಡುತ್ತ ಕೂರುತ್ತಿದ್ದೆ. ರೊಟ್ಟಿಗೆ ಒಂದು ಚುಕ್ಕೆಯೂ ಹತ್ತುತ್ತಿರಲಿಲ್ಲ. ನನಗೆ ಅದೂ ಸಂಶಯವೇ. ಇಷ್ಟು ಕಪ್ಪು ಕೈಯಿಂದ ಇಷ್ಟು ಬೆಳ್ಳಗಿನ ರೊಟ್ಟಿ ಹೇಗೆ ಬರುತ್ತದೆ?

ಆಕೆ ನನ್ನ ಅಣ್ಣನ ಹೆಂಡತಿ. ಲಕ್ಷ್ಮೇಶ್ವರದ, ನೂಲಿಗೆ ಬಣ್ಣ ಹಾಕುವವರ ಮನೆಯ ಮಗಳು. ಸ್ವಾತಂತ್ರ್ಯ ಬಂದ ಮರುವರ್ಷ ಬೆಟಗೇರಿಯ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಲಕ್ಷ್ಮೇಶ್ವರ ಆಗಷ್ಟೇ ಸಂಸ್ಥಾನದಿಂದ ಕಳಚಿಕೊಂಡಿತ್ತು. ಆದರೂ ನಮ್ಮ ಓಣಿಯವರು ಆಕೆಯನ್ನು ಬಹಳ ವರ್ಷ "ಸಂಸ್ಥಾನದಾಕಿ" ಎಂದೇ ಕರೆದರು. ನಾನು ಅಷ್ಟರಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನನಗೆ ಇದ್ದದ್ದು ಅಣ್ಣನೊಬ್ಬನೇ. ಅವನ ಅಡುಗೆಮನೆಗೆ ಇನ್ನೊಬ್ಬಳು ಬಂದಳಲ್ಲ ಎಂಬ ಕಸಿವಿಸಿ ಮೊದಲ ದಿನದಿಂದಲೇ ನನ್ನೊಳಗಿತ್ತು.

ವೈನಿಗೆ ಮಾತು ಕಡಿಮೆ. ಬಣ್ಣದ ಹಂಡೆಯ ಹುಳಿ ನೀರನ್ನು ಬೆರಳಿನಿಂದ ನಾಲಿಗೆಗೆ ಹಚ್ಚಿ ರುಚಿ ನೋಡುತ್ತಿದ್ದಳು. ಆಗ ಯಾರೂ ಹತ್ತಿರ ಹೋಗಿ ಮಾತಾಡಬಾರದು. ಯಾರು ಏನೇ ಹೇಳಲಿ, ಆಕೆಯ ಉತ್ತರ ಒಂದೇ: "ತೊಳದು ನೋಡೂಣು." ಬಣ್ಣ ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಎನ್ನುವುದು ತೊಳೆದಾಗಲೇ ಗೊತ್ತಾಗುವುದು. ಆ ಕಸುಬಿನ ಮಾತನ್ನೇ ಆಕೆ ಎಲ್ಲದಕ್ಕೂ ಆಡುತ್ತಿದ್ದಳು. ಓಣಿಯಲ್ಲಿ ಯಾರದೋ ಮನೆಯ ಜಗಳದ ಸುದ್ದಿ ಬಂದರೂ "ತೊಳದು ನೋಡೂಣು" ಎಂದು ಎದ್ದು ಹೋಗುವಳು. ನಮ್ಮಂಥವರಿಗೆ ಅದು ಸೊಕ್ಕಾಗಿ ಕಾಣುತ್ತಿತ್ತು.

ಅಣ್ಣ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಅವನಿಗೆ ಪಾರಿವಾಳದ ಹುಚ್ಚು. ಮಗ್ಗದ ಮೇಲಿನ ಅಟ್ಟದಲ್ಲಿ ಪೆಟ್ಟಿಗೆಗಳನ್ನು ಜೋಡಿಸಿ ಸಾಕಿದ್ದ. ತಾನೇ ಹತ್ತಿ ಒಣಗಿದ ಹಿಕ್ಕೆಯನ್ನು ಕೆರೆದು ಗುಡಿಸುತ್ತಿದ್ದ. ಆ ಧೂಳು ಕೆಳಗೆ ಮಗ್ಗಕ್ಕೆ ಹಾಸಿದ ನೂಲಿನ ಮೇಲೆ ಬೀಳುತ್ತದೆ ಎಂದು ವೈನಿ ಒಮ್ಮೆ ಹೇಳಿದಳು.

"ಹಕ್ಕಿ ಬ್ಯಾರೆ ಕಡೆ ಇಡ್ರಿ. ನೂಲೆಲ್ಲ ಹೊಲಸಾಗತೈತಿ."

"ಅವು ನನ್ನ ಮಕ್ಕಳಿದ್ದಂಗ" ಎಂದ ಅಣ್ಣ.

ಅವರಿಗೆ ಮಕ್ಕಳಾಗಿರಲಿಲ್ಲ. ವೈನಿ ಮತ್ತೆ ಆ ಮಾತು ಎತ್ತಲಿಲ್ಲ.

ರಾಜ್ಯವೆಲ್ಲ ಒಂದಾಗಿ, ನಾವು ಮುಂಬಯಿಯವರಾಗಿದ್ದವರು ಮೈಸೂರಿನವರಾಗಿ ಎರಡು ಮೂರು ವರ್ಷ ಆಗಿರಬೇಕು. ವೈನಿ ತವರಿಗೆ ಹೋಗಿ ಕೊಬ್ಬರಿ ಉಂಡೆ ಕಟ್ಟಿಕೊಂಡು ಬಂದಳು. ಆ ದಿನಗಳಲ್ಲೇ ಅಣ್ಣನಿಗೆ ತಲೆನೋವು ಸುರುವಾಯಿತು. ಹಿಂದಲೆ ಸಿಡಿಯುತ್ತದೆ ಎನ್ನುತ್ತಿದ್ದ. ಬೆಳಗ್ಗೆ ಎದ್ದ ಕೂಡಲೇ ವಾಂತಿ. ಎಳೆ ಎರಡೆರಡಾಗಿ ಕಾಣುತ್ತವೆ ಎಂದು ಮಗ್ಗ ಬಿಟ್ಟು ಏಳುತ್ತಿದ್ದ. ನಂತರ ಮಾತು ತಪ್ಪತೊಡಗಿತು. ಹೆಂಡತಿಯನ್ನು "ಅವ್ವಾ" ಎಂದು ಕರೆದ. ಹೇಳಿದ್ದನ್ನೇ ಹೇಳಿದ. ಸಿಟ್ಟಿನ ಮನುಷ್ಯ ಕುರಿಮರಿಯಂತೆ ಹೆಂಡತಿ ಹೇಳಿದಲ್ಲಿ ಕೂತ, ಹೇಳಿದಾಗ ಎದ್ದ.

ಓಣಿಯ ಮೂಲೆಮನೆಯ ಕಾಕು, ಅಲ್ಲಿನ ಹೆಂಗಸರಿಗೆಲ್ಲ ಹಿರಿಯಳು, ಅದನ್ನು ಒಂದೇ ನೋಟಕ್ಕೆ ಬಗೆಹರಿಸಿಬಿಟ್ಟಳು.

"ಉಂಡಿ ತಿನಿಸಿದ್ಲಲ್ಲ, ಅವತ್ತಿಂದ ನೋಡು. ಮದ್ದು ಹಾಕ್ಯಾಳ ನಿನ್ನ ವೈನಿ. ಹೆಚ್ಚಾಗಿ ತಲಿಗೇರೇತಿ."

ಗಂಡನನ್ನು ಕೈಯೊಳಗೆ ಇಟ್ಟುಕೊಳ್ಳಲು ಹೆಂಗಸರು ಊಟದಲ್ಲಿ ಏನನ್ನೋ ಬೆರೆಸುತ್ತಾರೆ ಎಂದು ನಮ್ಮ ಕಡೆ ನಂಬಿಕೆ. ಅದಕ್ಕೇ ಮದ್ದು ಎನ್ನುವುದು. ಮಕ್ಕಳಿಲ್ಲದವಳು, ಎಲ್ಲಿ ಗಂಡ ಇನ್ನೊಂದು ಮದುವೆಯಾದಾನೋ ಎಂಬ ಹೆದರಿಕೆ ಇದ್ದೇ ಇರುತ್ತದೆ ಎಂದು ನಾನೂ ಲೆಕ್ಕ ಹಾಕಿದೆ. ಎಲ್ಲ ಸರಿಯಾಗಿ ಕೂಡಿಕೊಂಡಿತು. ಆ ಉಂಡೆಗಳನ್ನು ನಾನೂ ತಿಂದಿದ್ದೆ, ನನಗೆ ಏನೂ ಆಗಿರಲಿಲ್ಲ. ಅದೊಂದು ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ಮದ್ದು ಕಕ್ಕಿಸುವವನೊಬ್ಬನಿದ್ದ. ವೈನಿ ಬೇಡವೆಂದರೂ ಅಣ್ಣನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವನು ಹಸಿರು ರಸ ಕುಡಿಸಿ, ಅಣ್ಣನ ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿಸಿದ. ಕಡೆಗೆ ಅಡಿಕೆಯಷ್ಟು ದಪ್ಪದ ಕಪ್ಪು ಗಂಟೊಂದನ್ನು ಎತ್ತಿ ತೋರಿಸಿದ. ನಾನು ಅದನ್ನು ಎಲೆಯಲ್ಲಿ ಕಟ್ಟಿ ತಂದು, ಕಾಕು ಮತ್ತು ಓಣಿಯ ಹೆಂಗಸರ ಎದುರಿಗೆ ಕಟ್ಟೆಯ ಮೇಲೆ ಬಿಚ್ಚಿಟ್ಟೆ.

ವೈನಿ ಬಂದಳು. ಬಗ್ಗಿ ನೋಡಿದಳು.

"ತೊಳದು ನೋಡೂಣು" ಎಂದಳು.

ಬರಿಗೈಯಲ್ಲಿ ಎತ್ತಿಕೊಂಡು ತಂಬಿಗೆ ನೀರಿನಲ್ಲಿ ಅಲುಗಿಸಿದಳು. ಕಪ್ಪು ಬಿಟ್ಟಿತು. ಒಳಗಿದ್ದದ್ದು ಆಡಿನ ಕೂದಲು, ಬೆಲ್ಲದ ಪಾಕದಲ್ಲಿ ಸುತ್ತಿದ್ದು.

"ನೋಡ್ರಿ. ಹೊಟ್ಯಾಗ ಇದ್ದಿದ್ರ ಬೆಲ್ಲ ಇಷ್ಟೊತ್ತು ಕರಗದಂಗ ಇರತಿತ್ತೇನ್ರಿ? ಅವ ಕೈಯಾಗ ಹಿಡಕೊಂಡಿದ್ದು ಇದು."

ಹೆಂಗಸರು ತಂಬಿಗೆಯೊಳಗೆ ಇಣುಕಿ ನೋಡಿದರು. ನನ್ನ ಮುಖ ಸಣ್ಣದಾಯಿತು. ಆಗ ಕಾಕು ಮೆಲ್ಲಗೆ ಅಂದಳು: "ಹಾಕಿದಾಕಿಗೇ ಗೊತ್ತವ್ವ, ಅದನ್ನ ಹೆಂಗ ಬಿಡಸಬೇಕಂತ." ಒಡನೆ ಎಲ್ಲರ ಜೀವಕ್ಕೆ ಸಮಾಧಾನವಾಯಿತು. ನನ್ನ ಜೀವಕ್ಕೂ.

ಮರುದಿನವೇ ವೈನಿ ನನ್ನನ್ನು ಕೇಳದೆ ಅಣ್ಣನನ್ನು ಟಾಂಗಾದಲ್ಲಿ ಕೂರಿಸಿಕೊಂಡು ಗದಗಿನ ಒಬ್ಬ ಡಾಕ್ಟರರ ಹತ್ತಿರ ಹೋದಳು. ತಮ್ಮ ಮನೆಯ ಮುಂಭಾಗದಲ್ಲೇ ನಾಲ್ಕು ಕಾಟು ಹಾಕಿಕೊಂಡು ದವಾಖಾನೆ ನಡೆಸುತ್ತಿದ್ದವರು. ಕುತ್ತಿಗೆ ಬಗ್ಗಿಸಲು ಬಾರದ ಅಣ್ಣನನ್ನು ನೋಡಿ, ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು ಎಂದರಂತೆ. ನಾನು ಓಡಿಹೋಗಿ ಗಲಾಟೆ ಮಾಡಿದೆ. ಬೆನ್ನಿನ ನೀರು ತೆಗೆದರೆ ಗಂಡಸು ಜೀವನಪೂರ್ತಿ ಎದ್ದು ನಿಲ್ಲುವುದಿಲ್ಲ ಎಂದು ಕೇಳಿದ್ದೆ. ವೈನಿ ನನ್ನನ್ನು ಬದಿಗೆ ಸರಿಸಿದಳು. ಅಣ್ಣನನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ಮುಟ್ಟುವಂತೆ ಮಡಿಸಿ, ಆ ಕಪ್ಪು ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರರು ಸೂಜಿ ಹಾಕಿದರು.

ಮೊದಲು ಅವರು ಅದನ್ನು ಮಿದುಳಿನ ಪೊರೆಗೆ ಹತ್ತಿದ ಕ್ಷಯ ಎಂದು ತಿಳಿದರು. ಬಹಳ ದಿನ ಅದರ ಸೂಜಿ ಚುಚ್ಚಿದರು. ಗುಣವಾಗಲಿಲ್ಲ. ಮತ್ತೊಮ್ಮೆ ಬೆನ್ನಿನ ನೀರು ತೆಗೆದು, ಈ ಸಲ ಅದರ ಹನಿಗೆ ಕಪ್ಪು ಮಸಿಯ ಹನಿ ಬೆರೆಸಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ನಂತರ ನಮ್ಮಿಬ್ಬರನ್ನೂ ಕರೆದರು.

"ನಂದು ತಪ್ಪಾತವ್ವ. ಕ್ಷಯ ಅಲ್ಲ ಇದು. ಹಳಸಿದ ರೊಟ್ಟಿ ಮ್ಯಾಲೆ ಬೂಷ್ಟು ಬರತದಲ್ಲ, ಅದರ ಜಾತೀದು. ಉಸರಿನ ಕೂಡ ಒಳಗ ಹೋಗಿ ಮಿದುಳಿನ ಸುತ್ತಲಿನ ನೀರಾಗ ಬೆಳದದ. ಪುಸ್ತಕದಾಗ ಓದಿದ್ದೆ, ಕಣ್ಣಿಂದ ನೋಡಿದ್ದಿಲ್ಲ."

"ಒಮ್ಮೆ ತಪ್ಪಿದವರು ಮತ್ತೊಮ್ಮೆ ತಪ್ಪಂಗಿಲ್ಲ ಅಂತ ಏನು ಗ್ಯಾರಂಟಿರಿ?" ಎಂದೆ ನಾನು.

"ಏನೂ ಇಲ್ಲ. ಅದಕ್ಕ ನೀವೂ ನೋಡ್ರಿ ಅಂತ ಕರದೆ" ಎಂದು ಕುರ್ಚಿ ಬಿಟ್ಟು ಎದ್ದರು.

ವೈನಿ ಒಂದು ಕಣ್ಣು ಮುಚ್ಚಿ ಕೊಳವೆಗೆ ಇನ್ನೊಂದು ಕಣ್ಣಿಟ್ಟಳು. "ಕರೀ ನೀರಾಗ ಬೆಳ್ಳನ ಉಂಗುರ ಕಾಣ್ತಾವ್ರಿ. ಎಣ್ಣಿ ತಾಗಿದ ನೂಲು ಬಣ್ಣ ಕುಡಿಯಂಗಿಲ್ಲಲ್ರಿ, ಹಂಗ ಅದಾವ."

"ಹಂಗೇ. ಅದರ ಸುತ್ತ ಲೋಳಿಯಂಥಾ ಪದರ ಇರತದ. ಮಸಿ ಒಳಗ ಹೋಗಂಗಿಲ್ಲ. ಅದರಿಂದನ ಗುರತು ಹತ್ತತದ."

ನನ್ನ ಸರದಿ ಬಂದಾಗ ನಾನು ನೋಡಲಿಲ್ಲ. "ನನಗ ಏನ ತಿಳೀತೈತಿ" ಎಂದು ಹಿಂದೆ ಸರಿದೆ. ತಿಳಿಯುವುದಿಲ್ಲ ಎಂದಲ್ಲ. ಕಂಡುಬಿಟ್ಟರೆ ಎಂದು.

ಮನೆಯಲ್ಲಿ ಪಾರಿವಾಳ ಇವೆಯೇ ಎಂದು ಡಾಕ್ಟರರು ಕೇಳಿದರು. ಅವುಗಳ ಹಿಕ್ಕೆಯಲ್ಲಿ ಈ ಬೂಷ್ಟು ಸಿಕ್ಕಿದೆ ಎಂದು ಈಚೆಗೆ ಯಾರೋ ಬರೆದಿದ್ದಾರಂತೆ. ಅಣ್ಣನಿಗೆ ಅಲ್ಲಿಂದಲೇ ಬಂತು ಎಂದು ಮಾತ್ರ ಖಾತ್ರಿಯಾಗಿ ಹೇಳಲಾರೆ ಎಂದರು. ನನಗೆ ಒಳಗೇ ನಗು ಬಂತು. ಹಕ್ಕಿಗಳನ್ನು ಹೊರಗೆ ಹಾಕಿಸಬೇಕೆಂದು ಇಷ್ಟು ವರ್ಷ ಕಾಯ್ದವಳು ವೈನಿ. ಈಗ ಡಾಕ್ಟರರ ಬಾಯಿಂದ ಹೇಳಿಸುತ್ತಿದ್ದಾಳೆ ಎಂದುಕೊಂಡೆ.

ಆ ರೋಗಕ್ಕೆ ಹೊಸದಾಗಿ ಒಂದೇ ಒಂದು ಔಷಧ ಬಂದಿತ್ತು. ಡಾಕ್ಟರರು ಮುಂಬಯಿಯ ತಮ್ಮ ಗೆಳೆಯರಿಗೆ ತಂತಿ ಕೊಟ್ಟು ತರಿಸಿದರು. ಅದನ್ನು ತಂಪಿನಲ್ಲಿಡಬೇಕು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುವ ಮಂಜುಗಡ್ಡೆಯನ್ನು ವೈನಿ ಸ್ಟೇಷನ್ನಿಗೆ ಹೋಗಿ, ಕಟ್ಟಿಗೆ ಹೊಟ್ಟಿನಲ್ಲಿ ಸುತ್ತಿ, ಗೋಣಿಚೀಲದಲ್ಲಿ ಹೊತ್ತು ತರುತ್ತಿದ್ದಳು. ಔಷಧವನ್ನು ಗ್ಲೂಕೋಸಿನ ಬಾಟಲಿಗೆ ಬೆರೆಸಿ ಹನಿ ಹನಿಯಾಗಿ ತೋಳಿನ ನರಕ್ಕೆ ಬಿಡಬೇಕು. ಬೆಳಗ್ಗೆ ಹಚ್ಚಿದರೆ ಮಧ್ಯಾಹ್ನ ದಾಟುತ್ತಿತ್ತು. ವಾರಗಟ್ಟಲೆ ಹೀಗೆಯೇ ನಡೆಯಬೇಕು.

ಈ ಔಷಧ ಸುರುವಾದ ಮೇಲೆ ನಾನು ಊಟದ ಡಬ್ಬಿ ಹಿಡಿದು ಮೊದಲ ಸಲ ಹೋದಾಗ ಕಂಡದ್ದು ಇದು. ವೈನಿ ಸ್ಟೂಲಿನ ಮೇಲೆ ಹತ್ತಿ ನಿಂತು, ತೂಗುವ ಬಾಟಲಿಗೆ ಕರಿ ಅರಿವೆ ಸುತ್ತಿ ಗಂಟು ಹಾಕುತ್ತಿದ್ದಾಳೆ. ತನ್ನದೇ ಹಳೆಯ ಚಂದ್ರಕಾಳಿಯಿಂದ ಹರಿದ ತುಂಡು. ಗಂಟು ಹಾಕಿ ಇಳಿದು ಸ್ವಲ್ಪ ಹೊತ್ತಾಗಿರಬೇಕು, ಅಣ್ಣನ ಹಲ್ಲು ಕಟಕಟ ಎನ್ನತೊಡಗಿದವು. ಕಾಟೇ ಅಲುಗಾಡುವಂಥ ಚಳಿ. ವೈನಿ ಅವನ ಕಾಲ ಮೇಲೆ ಅಡ್ಡ ಮಲಗಿ ಅದುಮಿ ಹಿಡಿದಳು.

"ಏನ ಕಟ್ಟೀ ಅದಕ್ಕ?" ಎಂದೆ.

"ಬೆಳಕು ಬಿದ್ರ ಔಷಧ ಕೆಡತೈತಂತ ತಂಗೆವ್ವಾ. ಸಾಹೇಬ್ರು ಮುಚ್ಚು ಅಂದಾರ. ಈ ಚಳಿನೂ ಔಷಧದ್ದ ಅಂತ."

"ಬೆಳಕಿಗೆ ಕೆಡೋದು ಎಂಥಾ ಔಷಧ?"

"ಬಣ್ಣ ಕೆಡಂಗಿಲ್ಲೇನು? ಬಿಸಲಾಗ ಬಿಟ್ಟ ಸೀರಿ ನೋಡಿಲ್ಲೇನು ನೀ?"

ಮರುದಿನ ಕಾಕುವನ್ನು ಜೊತೆಗೆ ಕರೆದುಕೊಂಡು ಹೋದೆ. ಅವಳು ಬಾಗಿಲಲ್ಲೇ ನಿಂತು ಕರಿ ಅರಿವೆಯನ್ನು ನೋಡಿದಳು, ಚಳಿಗೆ ಕುಣಿಯುವ ಅಣ್ಣನನ್ನು ನೋಡಿದಳು, ಸೆರಗನ್ನು ಬಾಯಿಗಿಟ್ಟುಕೊಂಡಳು. "ಬಾಯಿಂದ ಹಾಕಿದ್ದು ಸಾಲಲಿಲ್ಲಂತ ಈಗ ನೇರ ರಗತಕ್ಕ ಬಿಡಾಕತ್ಯಾಳಲ್ಲ ಬೇ. ಕರೀ ಅರಿವ್ಯಾಗ ಏನ ಐತಿ ಅಂತ ಬಿಚ್ಚಿ ನೋಡೀಯೇನು?"

ಡಾಕ್ಟರರನ್ನು ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಕೇಳಲಿಲ್ಲ.

ಅಣ್ಣ ಸುಧಾರಿಸುತ್ತಿದ್ದ. ಇದನ್ನು ಮುಚ್ಚಿಡುವುದಿಲ್ಲ. ನನ್ನನ್ನು ಸರಿಯಾಗಿ ಗುರುತಿಸುತ್ತಿದ್ದ, ತಿನ್ನಲು ಗಿರ್ಮಿಟ್ ತಾ ಎಂದು ಕೇಳಿದ್ದ. ಆದರೆ ಆ ಚಳಿ ಬಂದಾಗ ಮಗುವಿನಂತೆ ಅಳುತ್ತಿದ್ದ. ಒಂದು ದಿನ ಡಾಕ್ಟರರು ಬಾಟಲಿ ಹಚ್ಚಿ ಶಿರಹಟ್ಟಿಗೆ ರೋಗಿಯನ್ನು ನೋಡಲು ಹೋಗಿದ್ದರು, ವೈನಿ ಮಂಜುಗಡ್ಡೆ ತರಲು ಸ್ಟೇಷನ್ನಿಗೆ. ಅಣ್ಣ ನನ್ನ ಕೈ ಹಿಡಿದು, "ಇವತ್ತ ಚಳಿ ಬ್ಯಾಡ ತಂಗೀ. ಮನಿಗೆ ಹೋಗೂಣು ನಡಿ" ಎಂದ. ನನಗೆ ಅಷ್ಟು ಸಾಕಾಗಿತ್ತು. ಸ್ಟೂಲು ಹತ್ತಿ ಗಂಟು ಬಿಚ್ಚಿದೆ. ಒಳಗೆ ತಿಳಿ ಹಳದಿ ನೀರು, ಬೇರೆ ಏನೂ ಇಲ್ಲ. ಏನೂ ಕಾಣದಂತೆ ಮಾಡಿದ್ದಾಳಲ್ಲ, ಎಷ್ಟು ಜಾಣಿ ಎಂದುಕೊಂಡೆ. ತೋಳಿನ ಸೂಜಿಯನ್ನು ನನ್ನ ಕೈಯಿಂದಲೇ ಕಿತ್ತೆ. ಟಾಂಗಾ ಮಾಡಿಕೊಂಡು ಬೆಟಗೇರಿಗೆ ಬಂದು ಒಳಗಿನಿಂದ ಅಗಳಿ ಹಾಕಿದೆ.

ಇಳಿಹೊತ್ತಿಗೆ ವೈನಿ ಬಂದಳು. ಮಂಜುಗಡ್ಡೆಯ ಚೀಲ ಇನ್ನೂ ತಲೆಯ ಮೇಲಿತ್ತು, ನೀರು ಬೆನ್ನಿಗೆ ಸೋರುತ್ತಿತ್ತು. ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಓಣಿಯೆಲ್ಲ ಹೊರಗೆ ಬಂದು ನಿಂತಿತ್ತು.

"ತಂಗೆವ್ವಾ, ಬಾಗಲಾ ತಗಿ."

"ತಗಿಯಂಗಿಲ್ಲ. ನೀ ನಿನ್ನ ಸಂಸ್ಥಾನಕ್ಕ ಹೋಗು."

"ನನ್ನ ಒಳಗ ಕರೀಬ್ಯಾಡ. ಅವರನ್ನ ಹೊರಗ ಕಳಸು. ನಾ ಮುಟ್ಟಂಗಿಲ್ಲ, ನೀನ ಕರಕೊಂಡು ಹೋಗು ಸಾಹೇಬ್ರ ಕಡೆ. ನಿನ್ನ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬಿದ್ರ ಏನ ಹಾಕ್ತೀಯೋ ಯಾರ ಕಂಡಾರ!" ಎಂದು ಕಾಕು ಹಿಂದಿನಿಂದ ಅಂದಳು. ಯಾರೋ ನಕ್ಕರು.

ವೈನಿ ಚೀಲ ಇಳಿಸಿ ನಮ್ಮ ಕಟ್ಟೆಯ ಮೇಲೆ ಕೂತಳು. ಮರುದಿನ ಡಾಕ್ಟರರೂ ಬಂದು ಬಾಗಿಲು ಬಡಿದರು. ನಡುವೆ ಬಿಟ್ಟರೆ ರೋಗ ಮತ್ತೆ ಏರುತ್ತದೆ ಎಂದು ಕೂಗಿ ಹೇಳಿದರು. ನಾನು ತೆಗೆಯಲಿಲ್ಲ. ಚಳಿ ನಿಂತಿದ್ದರಿಂದ ಅಣ್ಣ ಮೊದಲೆರಡು ದಿನ ಆರಾಮಾಗಿ ನಿದ್ದೆ ಮಾಡಿದ. ಕಿಟಕಿಯಿಂದ ಓಣಿಗೆಲ್ಲ ಕೇಳುವಂತೆ, "ಆಕಿ ಕೈ ಬಿಟ್ಟಿದ್ದಕ್ಕ ಹೆಂಗ ಆರಾಮ ಆದ ನೋಡ್ರಿ" ಎಂದು ಹೇಳಿದೆ.

ಆಮೇಲೆ ಹಿಂದಲೆಯ ನೋವು ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಆದರೂ ಅಗಳಿ ತೆಗೆಯಲಿಲ್ಲ. ಒಂದು ದಿನ ನಡು ಹಗಲು, ಬೆಳಕಿಂಡಿಯ ಬಿಸಿಲು ಸೀದಾ ಅವನ ಮುಖದ ಮೇಲೆ ಬಿದ್ದಿತ್ತು. ಅವನು ಕಣ್ಣು ತೆರೆದೇ ಕೇಳಿದ: "ಬೆಳಕಿಂಡಿ ಯಾಕ ಮುಚ್ಚೀ ತಂಗೀ?"

ಬಾಗಿಲು ತೆರೆದೆ. ವೈನಿ ಅಲ್ಲೇ ಕಟ್ಟೆಯ ಮೇಲಿದ್ದಳು. ಒಳಗೆ ಹೋಗಿ, ಅಣ್ಣನನ್ನು ಎಬ್ಬಿಸಿ ತೋಳು ಕೊಟ್ಟು ಹೊರಗೆ ತಂದಳು. "ಟಾಂಗಾ ಕರಿ" ಎಂದಳು ನನಗೆ. ಅಷ್ಟೇ.

ಡಾಕ್ಟರರು ಮತ್ತೆ ಮೊದಲಿನಿಂದ ಔಷಧ ಹಚ್ಚಿದರು. ಜೀವ ಉಳಿಯಿತು. ಕಣ್ಣು ಬರಲಿಲ್ಲ. ಮನೆಗೆ ಕಳಿಸುವ ದಿನ ನಾನು ಅವರೊಬ್ಬರನ್ನೇ ಕೇಳಿದೆ, ಕಣ್ಣು ಹೋದದ್ದು ಯಾಕೆ ಎಂದು.

"ತಲಿಯೊಳಗ ಒತ್ತಡ ಏರಿ ಕಣ್ಣಿನ ನರ ಕೆಟ್ಟಾವ. ನಡುವ ಬಿಟ್ಟಿದ್ದಕ್ಕನ ಅಂತ ಆಣಿ ಮಾಡಿ ಹೇಳಲಾರೆ. ಬಿಡದಿದ್ರ ಉಳೀತಿದ್ದವು ಅಂತ ನನಗನಸತದ" ಎಂದರು. ಕರಿ ಅರಿವೆಯ ಮಾತನ್ನೂ ಆಗ ಕೇಳಿದೆ. "ನಾನ ಹೇಳಿದ್ದೆ ಕಟ್ಟು ಅಂತ. ಯಾಕ?"

ಯಾಕೂ ಇಲ್ಲ ಎಂದೆ.

ನನ್ನ ದೊಡ್ಡ ತಪ್ಪು ಸೂಜಿ ಕಿತ್ತದ್ದಲ್ಲ. ಅದು ತಿಳಿಯದೆ ಮಾಡಿದ್ದು. ತಿಳಿದ ಮೇಲೆ ಮಾಡಿದ್ದು ಬೇರೆ ಇದೆ. ವೈನಿ ಮದ್ದು ಹಾಕಿಲ್ಲ ಎಂದು ಓಣಿಯಲ್ಲಿ ನಾನು ಹೇಳಲಿಲ್ಲ. ಅವರು ನನ್ನ ಮಾತನ್ನು ನಂಬುತ್ತಿದ್ದರು, ಏಕೆಂದರೆ ಸುದ್ದಿ ಹಬ್ಬಿಸಿದವಳು ನಾನೇ. ಆದರೆ ಮದ್ದು ಇರಲಿಲ್ಲ ಎಂದರೆ ಅಣ್ಣನ ಕಣ್ಣು ತೆಗೆದವಳು ನಾನು ಎಂದಾಗುತ್ತಿತ್ತು. ಆದ್ದರಿಂದ ನನಗೆ ಮದ್ದು ಇರಲೇಬೇಕಾಗಿತ್ತು. ಒಬ್ಬಳೇ ಇದ್ದಾಗ ಡಾಕ್ಟರರ ಮಾತನ್ನೇ ಸಂಶಯಪಡುತ್ತಿದ್ದೆ. ಅವರಿಗೂ ಏನಾದರೂ ತಿನ್ನಿಸಿರಬಹುದೇ ಎಂದು ಕೂಡ ಯೋಚಿಸಿದ್ದೇನೆ.

ಪಾರಿವಾಳಗಳನ್ನು ವೈನಿ ಯಾರಿಗೋ ಕೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ನೀರು ಚಿಮುಕಿಸಿ ಅಟ್ಟ ತೊಳೆದಳು. ಅಣ್ಣನಿಗೆ ಮುಟ್ಟಿ ಮುಟ್ಟಿ ಕಂಡಿಕೆಗೆ ನೂಲು ಸುತ್ತುವುದನ್ನು ಕಲಿಸಿದಳು. ತಾನು ಹಂಡೆಯ ಮುಂದೆ, ಅವನು ರಾಟೆಯ ಮುಂದೆ. ಇಬ್ಬರೂ ದಿನವೆಲ್ಲ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಮಾತು ಕಡಿಮೆ ಎಂದೆನಲ್ಲ, ಅವನಿಗೆ ಕಣ್ಣು ಹೋದ ಮೇಲೆ ಆಕೆ ಮಾತು ಕಲಿತಳು. ಹಾದಿಯಲ್ಲಿ ಯಾರು ಹೋದರು, ಯಾವ ನೂಲಿಗೆ ಎಂಥ ಬಣ್ಣ ಬಂತು, ಎಲ್ಲವನ್ನೂ ಹೇಳುತ್ತಿದ್ದಳು.

ಓಣಿಯಲ್ಲಿ ಆಕೆಯ ಕೈಯ ಊಟ ಯಾರೂ ಉಣ್ಣಲಿಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿ ಮನೆಮನೆಗೆ ಕೊಟ್ಟು ಬರುವಳು. ಒಮ್ಮೆ ಕಾಕುವಿನ ಮನೆಯ ಮುಂದಿನ ಆಕಳ ಬಾನಿಯಲ್ಲಿ ಅವೇ ಹೋಳಿಗೆ ತೇಲುವುದನ್ನು ನಾವಿಬ್ಬರೂ ನೋಡಿದೆವು. ನಾನು ಮುಖ ತಿರುಗಿಸಿದೆ. "ಆಕಳಾದರೂ ಉಂಡ್ತಲ್ಲ" ಎಂದು ವೈನಿ ನಕ್ಕಳು. ಮುಂದಿನ ಹಬ್ಬಕ್ಕೂ ಕೊಟ್ಟು ಬಂದಳು.

ಮನೆಯೊಳಗೂ ಹಾಗೆಯೇ. ನನಗೆ ಬಡಿಸಿದಾಗ, ನಾನು ತುತ್ತು ಕಲಸುತ್ತ ತಡ ಮಾಡುತ್ತಿದ್ದದ್ದನ್ನು ಆಕೆ ಗಮನಿಸಿದ್ದಳು. ಒಂದು ದಿನದಿಂದ ಕೇಳದೆಯೇ ಅದೇ ಪಾತ್ರೆಯಿಂದ ತಾನೊಂದು ತುತ್ತು ನನ್ನೆದುರು ಉಂಡು, ಆಮೇಲೆ ನನಗೆ ಬಡಿಸತೊಡಗಿದಳು. ಬೇಡ ಎಂದು ನಾನು ಅನ್ನಲಿಲ್ಲ. ವರ್ಷಗಟ್ಟಲೆ ಹಾಗೆಯೇ ಉಂಡೆ.

ಅಣ್ಣ ತೀರಿಕೊಂಡ ಮೇಲೆ ನಾವಿಬ್ಬರೇ ಉಳಿದೆವು. ಆಕೆಗೆ ಎದೆನೋವು ಬಂದು ಹಾಸಿಗೆ ಹಿಡಿದಾಗ ನಾನೇ ನೋಡಿಕೊಂಡೆ. ಕೊನೆಯ ದಿನಗಳಲ್ಲಿ ಒಮ್ಮೆ ಕೈ ಹಿಡಿದು, "ವೈನೀ, ಅವತ್ತ ನಾ ಬಾಗಲಾ ತಗೀಬೇಕಾಗಿತ್ತು" ಎಂದೆ.

"ನನ್ನ ಮುಂದ ಹೇಳಿ ಏನ ಮಾಡ್ತೀ ತಂಗೆವ್ವಾ" ಎಂದಳು. "ನನಗ ಗೊತ್ತೈತಲ್ಲ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಯಾರ ಮುಂದೆ ಹೇಳಬೇಕೆಂದು ಹೇಳಿದ್ದಳು, ಅಷ್ಟೇ. ಆಕೆ ಇರುವವರೆಗೆ ನನಗೆ ಅದು ಆಗಲಿಲ್ಲ.

ಆಕೆ ತೀರಿಕೊಂಡ ಮೇಲೆ ದಿನದ ಊಟಕ್ಕೆ ಓಣಿಯೆಲ್ಲ ಬಂತು. ಅಡುಗೆ ನನ್ನದಾಗಿತ್ತು, ಆದ್ದರಿಂದ ಯಾರಿಗೂ ಅಂಜಿಕೆಯಿರಲಿಲ್ಲ. ಕಾಕು ಹಣ್ಣು ಮುದುಕಿಯಾಗಿದ್ದಳು. ಎಲೆಯ ಮುಂದೆ ಕೂತು, "ಏನರ ಆಗಲಿ, ಗಂಡನ ಕಣ್ಣ ಕಳದರೂ ಕಡೀತನಕ ಸೇವಾ ಮಾಡಿದ್ಲು" ಎಂದಳು. ನಾನು ಬಡಿಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟೆ. ಎಲ್ಲರಿಗೂ ಕೇಳುವಂತೆ ಹೇಳಿದೆ: ವೈನಿ ಮದ್ದು ಹಾಕಿರಲಿಲ್ಲ, ಅದು ಬೂಷ್ಟಿನ ರೋಗ. ಅರಿವೆ ಕಟ್ಟಲು ಹೇಳಿದವರು ಡಾಕ್ಟರರು. ಸೂಜಿ ಕಿತ್ತವಳು ನಾನು. ಅಣ್ಣನ ಕಣ್ಣು ಹೋದದ್ದು ನಾನು ಹಾಕಿದ ಅಗಳಿಯಿಂದ.

ಎಲೆಯ ಮೇಲಿನ ಕೈಗಳು ನಿಂತವು. ನಾನು ಕಾಯುತ್ತ ನಿಂತೆ. ಯಾರಾದರೂ ಬೈಯಲಿ ಎಂದು.

ಕಾಕು ನನ್ನ ಮುಖವನ್ನೇ ನೋಡಿದಳು. ಕನಿಕರದಿಂದ ತಲೆ ಅಲ್ಲಾಡಿಸಿ, ಪಕ್ಕದವಳ ಕಡೆಗೆ ಬಗ್ಗಿದಳು.

"ನೋಡಿದ್ಯಾ? ಹೋಗೋಮುಂದ ಇಕಿಗೂ ಹಾಕಿ ಹೋಗ್ಯಾಳ."